ಅರ್ಧ ಬಳ್ಳಿಯ ಗೋಡೆ

"ನೋಡಿ ಮೇಡಂ, ತಪ್ಪಾಗಿದೆ. ಆಗಿಲ್ಲ ಅಂತ ನಾನು ಅನ್ನೋಲ್ಲ. ಆದ್ರೆ ಹೇಗಾಯ್ತು ಅಂತ ಒಂದ್ಸಲ ಪೂರ್ತಿ ಕೇಳಿಸ್ಕೊಳ್ಳಿ, ಆಮೇಲೆ ಏನು ಬೇಕಾದ್ರೂ ಬರ್ಕೊಳ್ಳಿ. ನಾನು ಆಸ್ಪತ್ರೆ ಲಾಂಡ್ರಿಯವಳು. ಮದುವೆಯಾದ ವರ್ಷ ಸೇರಿದ್ದು, ಈಗ ತಲೆ ನರೆತಿದೆ. ಹಾಸಿಗೆ ಬಟ್ಟೆ, ಆಪರೇಷನ್ ಬಟ್ಟೆ, ಡಾಕ್ಟರ ಕೋಟು, ಬೇರೆಯವರು ಮೂಗು ಮುಚ್ಕೊಂಡು ದೂರ ಸರಿಯೋದನ್ನೆಲ್ಲ ನಾನು ಕೈಯಲ್ಲಿ ಹಿಡ್ಕೊಂಡು ಬೆಳಕಿಗೆ ಒಡ್ಡಿ ನೋಡ್ತೀನಿ. ಕಂದುಗೆಂಪಾಗಿ ಒಣಗಿದ ಗುರುತು ಕಂಡ್ರೆ ನನಗೆ ಅದು ರಕ್ತ, ಇಲ್ಲಾ ತುಕ್ಕು. ಮೂರನೇದೊಂದು ಇರುತ್ತೆ ಅಂತ ಇಷ್ಟು ವರ್ಷದಲ್ಲಿ ಯಾರೂ ಹೇಳ್ಕೊಡ್ಲಿಲ್ಲ. ನಮ್ಮ ಮನೆ ಮುಂದಿನ ಗೋಡೆ ನಾವು ಬರೋವಾಗ ಹೇಗಿತ್ತು, ನೀವೂ ನೋಡಿದ್ರಲ್ಲ? ಮೇಲೆಲ್ಲ ಹೊಗೆ ಮಸಿ, ಕೆಳಗೆ ಪಾಚಿ, ಮೂಲೇಲಿ ಓಬೀರಾಯನ ಕಾಲದ ಕಬ್ಬಿಣದ ಪೈಪು, ಅದರ ಪಕ್ಕದಿಂದ ಹರಡ್ಕೊಂಡು ಕೆಂಪು ಗೆರೆ. ಪೈಪಿನ ತುಕ್ಕು ಇಳಿದಿದೆ ಅಂದ್ಕೊಂಡೆ. ಕೀಲಿಕೈ ಕೈಗೆ ಬಂದ ಮಾರನೇ ದಿನ, ಸಾಮಾನು ತರೋಕ್ಮುಂಚೆ ಮನೆಯ ಮುಖ ತೊಳೆದು ಒಳಗೆ ಕಾಲಿಡೋಣ ಅಂತ ಬಟ್ಟೆ ಒಗೆಯೋ ಸೋಡಾ ಕಲಸಿದೆ. ಹಳೇ ಮನೆಗಳ ನಿಯಮಾನ ನನ್ನ ತಮ್ಮ ಓದಿ ಹೇಳಿದ್ದ. ಒಡೀಬಾರದು, ಕಟ್ಟಬಾರದು, ಬೇರೆ ಬಣ್ಣ ಬಳೀಬಾರದು. ಸರಿ ಅಂದೆ. ಒಡೀಲಿಲ್ಲ, ಕಟ್ಟಲಿಲ್ಲ, ಬಳೀಲಿಲ್ಲ. ತೊಳೆದೆ ಮೇಡಂ. ತೊಳೆಯೋದೂ ಬದಲಾಯಿಸೋದೇ ಅಂತ ಯಾವ ಹೆಂಗಸಿಗೆ ಹೊಳೆಯುತ್ತೆ, ನೀವೇ ಹೇಳಿ."

ಇಷ್ಟನ್ನು ಒಂದೇ ಉಸಿರಿಗೆ ಹೇಳಿ ಚೊಕ್ಕಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎದುರಿಗೆ ಕೂತಿದ್ದವರು ಹಳೆ ಕಟ್ಟಡಗಳನ್ನು ಕಾಯುವ ಕಚೇರಿಯ ಮೇಡಂ. ಚಿಕ್ಕ ವಯಸ್ಸು, ಕನ್ನಡಕ, ಜೋರು ದನಿಯೇ ಇಲ್ಲದ ಹೆಣ್ಣುಮಗಳು. ಬೈದಿದ್ದರೆ ಚೊಕ್ಕಕ್ಕನಿಗೆ ಹಗುರವಾಗುತ್ತಿತ್ತು. ಆಕೆ ಬೈಯಲಿಲ್ಲ. ಪೆನ್ನು ಕೆಳಗಿಟ್ಟು, "ಅಮ್ಮಾ, ಅದು ತುಕ್ಕಾಗಿರಲಿಲ್ಲ. ಬಳ್ಳಿ. ಬಾಗಿಲಿನ ಎರಡೂ ಕಡೆ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಲ್ಲಿ ಬರೆದಿದ್ರು. ಎಲೆ, ಕಾಯಿ, ನಡುನಡುವೆ ಹಕ್ಕಿ. ಆ ಮನೇನ ನಾವು ಪಟ್ಟಿಗೆ ಸೇರಿಸಿದ್ದೇ ಅದರಿಂದ. ಬೇರೆ ಏನೂ ವಿಶೇಷ ಇಲ್ಲ ಆ ಮನೇಲಿ," ಎಂದರು.

ಚೊಕ್ಕಕ್ಕ ತನ್ನ ಅಂಗೈ ನೋಡಿಕೊಂಡಳು. ಸೋಡಾದಲ್ಲಿ ನೆನೆದು ನೆನೆದು ಗೆರೆಗಳೇ ಅಳಿಸಿಹೋದ ಅಂಗೈ.

ಚೊಕ್ಕಕ್ಕ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಲಾಂಡ್ರಿಯಲ್ಲಿ ಬಂದದ್ದು. ಯಂತ್ರದಿಂದ ಹೊರಬಂದ ಬಟ್ಟೆ ಅವಳ ಕಣ್ಣು ದಾಟದೆ ವಾರ್ಡಿಗೆ ಹೋಗುವಂತಿರಲಿಲ್ಲ. ಸಾಸಿವೆಯಷ್ಟು ಗುರುತು ಉಳಿದರೂ ವಾಪಸ್ಸು ತೊಟ್ಟಿಗೆ. ಜೊತೆಯ ಹೆಂಗಸರು, "ಚೊಕ್ಕಕ್ಕಾ, ರೋಗಿ ಅದರ ಮೇಲೆ ಮಲಗೋದು ಕಣೇ, ಅದನ್ನ ಉಟ್ಕೊಂಡು ಮದುವೆಗೆ ಹೋಗಲ್ಲ," ಎಂದು ಆಡಿಕೊಳ್ಳುತ್ತಿದ್ದರು. "ಮಲಗೋನಿಗೆ ಕಣ್ಣಿಲ್ವಾ?" ಎಂದು ಇವಳು ಬ್ರಷ್ಷು ಎತ್ತಿಕೊಳ್ಳುತ್ತಿದ್ದಳು.

ಗಂಡ ಊರಿನ ಬಸ್ಸು ಓಡಿಸುತ್ತಿದ್ದವನು. ಎಲ್ಲರ ಬಾಯಲ್ಲೂ ಡ್ರೈವರಣ್ಣ. ಡಿಪೋದಲ್ಲಿ ಬಸ್ಸಿನ ಅಡಿಭಾಗ ರಿಪೇರಿ ಮಾಡಲು ತೋಡಿದ ಗುಂಡಿಯ ಅಂಚಿನಲ್ಲಿ ಎಣ್ಣೆಗೆ ಜಾರಿ ಸೊಂಟದ ಕೀಲು ಮುರಿದುಕೊಂಡ. ಮೂಳೆ ಕೂಡಿಕೊಂಡಿತು, ಕಾಲು ಗಿಡ್ಡವಾಯಿತು. ಊರಗಲ ಸುತ್ತಿದವನಿಗೆ ಬಾಡಿಗೆ ಮನೆಯ ಮೂರನೇ ಮಹಡಿಯಿಂದ ಇಳಿಯುವುದೇ ಆಗದೆ ಹೋಯಿತು. ಕಿಟಕಿಯಲ್ಲಿ ಕೂತು ಕೆಳಗೆ ಹೋಗುವ ಬಸ್ಸುಗಳ ಡ್ರೈವರುಗಳನ್ನು ಬೈಯುವುದೇ ಅವನ ಕೆಲಸ. "ನೋಡೇ, ತಿರುವಲ್ಲಿ ಹೇಗೆ ಎತ್ತಾಕಿದ! ಇವನಿಗೆ ಲೈಸೆನ್ಸ್ ಕೊಟ್ಟವನ್ನ ಮೊದಲು ಒದೀಬೇಕು." ನಗುತ್ತ ಹೇಳುತ್ತಿದ್ದ. ಆದರೆ ಮೇಲಿನಿಂದ ಬಸ್ಸಿನ ನೆತ್ತಿ ಮಾತ್ರ ಕಾಣುತ್ತದೆ, ಡ್ರೈವರು ಕಾಣುವುದಿಲ್ಲ. ಇದು ಚೊಕ್ಕಕ್ಕನಿಗೆ ಗೊತ್ತಿತ್ತು, ಅವಳು ಹೇಳುತ್ತಿರಲಿಲ್ಲ. ಮಕ್ಕಳಾಗಿರಲಿಲ್ಲ ಅವರಿಗೆ. ಅವಳಿಗೆ ಅವನು, ಅವನಿಗೆ ಅವಳು.

ಅದಕ್ಕೇ ನೆಲದ ಮೇಲಿನ ಮನೆ ಬೇಕು ಎಂದು ಹಠ ಹಿಡಿದಳು. ಊರಲ್ಲಿ ನೆಲದ ಮೇಲಿನ ಮನೆಗೆ ಇವರ ಕೈ ಎಟುಕುವ ಹಾಗಿರಲಿಲ್ಲ. ಗಾರೆ ಕೆಲಸದ ಮೇಸ್ತ್ರಿಯಾದ ತಮ್ಮ ಹುಡುಕಿ ಹುಡುಕಿ, ಆಸ್ಪತ್ರೆ ಹಿಂದಿನ ಹಳೇ ಬೀದಿಯಲ್ಲಿ ಈ ಮನೆ ತೋರಿಸಿದ. ಬಾಗಿಲ ಪಕ್ಕ ಒಂದು ಸಣ್ಣ ನೀಲಿ ತಗಡು ಹೊಡೆದಿತ್ತು. ಪಟ್ಟಿಗೆ ಸೇರಿದ ಹಳೆ ಕಟ್ಟಡ ಎಂದು ಅದರ ಅರ್ಥ. ಕೊಂಡವರು ಮನಸ್ಸಿಗೆ ಬಂದಂತೆ ಮಾರ್ಪಾಡು ಮಾಡುವಂತಿಲ್ಲವಾದ್ದರಿಂದ ಅಂಥ ಮನೆಗೆ ಗಿರಾಕಿ ಕಮ್ಮಿ. ಮಾರುವವನು ತಗಡಿನ ಧೂಳು ಒರೆಸುತ್ತ, "ಇದೊಂದು ಮರ್ಯಾದೆ ಅಷ್ಟೇ, ಮೈಮೇಲೆ ಬಿಲ್ಲೆ ಇದ್ದ ಹಾಗೆ," ಎಂದಿದ್ದ.

ಒಳಗೆ ಮೂರು ಕೋಣೆ. ಬೀದಿಗೆ ಒಂದು, ನಡುವೆ ಒಂದು, ಹಿಂದೆ ಅಡುಗೆಮನೆ. ಬೀದಿ ಕೋಣೆಗೆ ಅಗಲವಾದ ಕಿಟಕಿ. ಅದನ್ನು ಕಂಡದ್ದೇ ಚೊಕ್ಕಕ್ಕ ಮನಸ್ಸಲ್ಲೇ ಅಲ್ಲೊಂದು ಕುರ್ಚಿ ಇಟ್ಟಳು. ಕೆಲಸ ಬಿಟ್ಟ ಮೇಲೆ ಆ ಕುರ್ಚಿಯಲ್ಲಿ ಕೂತು ಏನೂ ಮಾಡದೆ ಬೀದಿ ನೋಡಬೇಕು. ಜೀವಮಾನದಲ್ಲಿ ಅವಳು ತನಗೋಸ್ಕರ ಬಯಸಿದ್ದು ಅಷ್ಟೇ ಇರಬೇಕು.

ತೊಂದರೆ ಒಂದೇ ಒಂದು. ಬಚ್ಚಲು, ಕಕ್ಕಸು ಎರಡೂ ಹಿತ್ತಲಲ್ಲಿ. ಅಡುಗೆಮನೆ ಬಾಗಿಲಿಂದ ಕಡಿದಾದ ಕಲ್ಲಿನ ಮೆಟ್ಟಿಲಿಳಿದು, ಅಂಗಳ ದಾಟಿ ಹೋಗಬೇಕು. ಗಿಡ್ಡ ಕಾಲಿನವನು ಹೇಗೆ ಇಳಿಯುತ್ತಾನೆ? "ಅದಕ್ಯಾಕೆ ಯೋಚನೆ, ನಡುಕೋಣೆ ಪಕ್ಕದ ಓಣಿಗೆ ಸೂರು ಹಾಕಿ ಅಲ್ಲೇ ಬಚ್ಚಲು, ಕಕ್ಕಸು ಮಾಡ್ಕೊಡ್ತೀನಿ. ಭಾವ ಮಂಚದಿಂದ ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಸಾಕು," ಎಂದ ತಮ್ಮ. ಕೊಳ್ಳುವ ಮಾತಾಗುತ್ತಿದ್ದಾಗಲೇ ಕಚೇರಿಯ ಮೇಡಂ ಬಂದು ನೋಡಿದ್ದರು. ಓಣಿ ಬೀದಿಗೆ ಕಾಣುವುದರಿಂದ ಸಮಿತಿಯನ್ನು ಕೇಳಬೇಕು, ಆಗಬಹುದು ಎಂದಿದ್ದರು. ಮುಂದಿನ ಗೋಡೆ ಮುಟ್ಟಬೇಡಿ ಎಂದೂ ಹೇಳಿದ್ದರು. ಹೇಳಿದ್ದು ತಮ್ಮನಿಗೆ. ಚೊಕ್ಕಕ್ಕ ಆವತ್ತು ಡ್ಯೂಟಿಯಲ್ಲಿದ್ದಳು. ಮೇಸ್ತ್ರಿಯ ಕಿವಿಗೆ ಮುಟ್ಟುವುದೆಂದರೆ ಸುತ್ತಿಗೆಯಲ್ಲಿ ಮುಟ್ಟುವುದು. ಅವನು ಅಕ್ಕನಿಗೆ ಹಾಗೆಯೇ ದಾಟಿಸಿದ. "ಮುಂದೆ ಒಡಿಯೋ ಹಾಗಿಲ್ವಂತೆ." ನಿಯಮಗಳಲ್ಲೂ ಮುಂದಿನ ಪುಟದಲ್ಲಿ ಗೋಡೆಗೆ ಸೋಡಾ ಥರದ ಔಷಧಿ ನೀರು ತಾಗಿಸಬಾರದೆಂದು ಬರೆದಿತ್ತಂತೆ. ಅಲ್ಲಿಗೆ ಬರುವಷ್ಟರಲ್ಲಿ ಓದುವವನಿಗೂ ಕೇಳುವವರಿಗೂ ಆಕಳಿಕೆ ಬಂದಿತ್ತು.

ತೊಳೆದ ದಿನ ಬೆಳಗ್ಗೆ ಚೊಕ್ಕಕ್ಕ ಬಾಗಿಲಿನ ಬಲಗಡೆಯಿಂದ ಶುರು ಮಾಡಿದಳು. ಏಣಿ ಹಾಕಿ, ಮೇಲಿನಿಂದ ಕೆಳಗೆ, ಹಾಸಿಗೆ ಬಟ್ಟೆ ಉಜ್ಜುವ ಹಾಗೆ. ಕೆಂಪು ಗುರುತು ಮೊದಲು ಹಟ ಮಾಡಿತು. ಎರಡನೇ ಸಲಕ್ಕೆ ಕರಗಿ ನೊರೆಯ ಜೊತೆ ಇಳಿಯತೊಡಗಿತು. ಅವಳಿಗೆ ಖುಷಿಯೋ ಖುಷಿ. ಹೊಸ ಮನೆ ತನ್ನ ಮಾತು ಕೇಳುತ್ತಿದೆ ಅನಿಸಿತು. ಬಲಗಡೆ ಮುಗಿದು, ಏಣಿಯನ್ನು ಎಡಕ್ಕೆ ಎಳೆಯುವಾಗ, ಎದುರಿನ ಕ್ಷೌರದಂಗಡಿಯ ಮುದುಕ ಬಾಗಿಲು ತೆಗೆಯಲು ಬಂದ. ಕೀಲಿ ಬೀಗದಲ್ಲೇ ಬಿಟ್ಟು ರಸ್ತೆ ದಾಟಿ ಓಡಿಬಂದ. ಆ ವಯಸ್ಸಿನವರು ಓಡಿದ್ದನ್ನು ಅವಳು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಅಯ್ಯೋ ತಾಯಿ, ಏನು ಮಾಡ್ತಿದೀರಿ?"

"ಕಾಣ್ಸಲ್ವಾ? ತೊಳೀತಿದೀನಿ. ನೀವು ಎದುರಂಗಡಿಯವರಾ? ನಿಮಗೂ ಚೆನ್ನಾಗಿ ಕಾಣುತ್ತೆ ಬಿಡಿ ಇನ್ಮೇಲೆ."

ಕ್ಷೌರಿಕ ಗೋಡೆಯನ್ನೂ, ಮೋರಿಯಲ್ಲಿ ಹರಿಯುತ್ತಿದ್ದ ಕೆಂಪು ನೀರನ್ನೂ ನೋಡಿದ. "ನಾನೊಬ್ಬನೇ ಈ ಬೀದೀಲಿ ಬೋಳಿಸೋನು ಅಂದ್ಕೊಂಡಿದ್ದೆ. ನೀವು ಗೋಡೇನೇ ಬೋಳಿಸಿಬಿಟ್ರಲ್ಲಮ್ಮಾ," ಎಂದ. ತಮಾಷೆಯ ಮಾತೇ. ಆದರೆ ಅವನು ನಗುತ್ತಿರಲಿಲ್ಲ. ಎಡಗಡೆಯ ಗೋಡೆಯ ಹತ್ತಿರ ಅವಳನ್ನು ಕರೆದು, ಮುಟ್ಟದೆ, ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದ. ಮಸಿಯ ಕೆಳಗೆ ಒಂದು ಎಲೆ. ಅದರ ಪಕ್ಕ ಇನ್ನೊಂದು. ಕತ್ತು ಹಿಂದಕ್ಕೆ ತಿರುಗಿಸಿಕೊಂಡ ಒಂದು ಹಕ್ಕಿ. ಒಂದು ಸಲ ಕಂಡ ಮೇಲೆ ಎಲ್ಲೆಲ್ಲೂ ಕಾಣತೊಡಗಿತು. ಚೊಕ್ಕಕ್ಕ ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಹೀಗೆ ಎಡಗಡೆ ಉಳಿಯಿತು, ಬಲಗಡೆ ಹೋಯಿತು. ಕಚೇರಿಗೆ ಯಾರು ತಿಳಿಸಿದರೋ, ಬೀದಿಯಲ್ಲಿ ನಡೆದದ್ದು ತಿಳಿಯದೆ ಇರುತ್ತದೆಯೇ? ಮೇಡಂ ಬಂದರು, ಗೋಡೆಯ ಮುಂದೆ ಬಹಳ ಹೊತ್ತು ನಿಂತರು, ಚೊಕ್ಕಕ್ಕನನ್ನು ಕಚೇರಿಗೆ ಕರೆಸಿ ಅವಳ ಮಾತು ಬರೆದುಕೊಂಡರು. ಕೊನೆಗೆ ಹೇಳಿದ್ದು ಇಷ್ಟು: ಮುಂದಿನ ಗೋಡೆಯ ವಿಚಾರ ಸಮಿತಿಯಲ್ಲಿ ತೀರ್ಮಾನ ಆಗುವ ತನಕ ಆ ಮನೆಯಲ್ಲಿ ಬೇರೆ ಯಾವ ಕೆಲಸಕ್ಕೂ ಒಪ್ಪಿಗೆ ಇಲ್ಲ.

"ಬಚ್ಚಲು?" ಎಂದಳು ಚೊಕ್ಕಕ್ಕ.

"ಅದೂ ಸೇರಿ, ಅಮ್ಮಾ."

ಅಷ್ಟರಲ್ಲಿ ಬಾಡಿಗೆ ಮನೆ ಬಿಟ್ಟಾಗಿತ್ತು. ಬೇರೆ ದಾರಿ ಇರಲಿಲ್ಲ, ಬಂದು ಸೇರಿಕೊಂಡರು. ಚೊಕ್ಕಕ್ಕ ಅಡುಗೆಮನೆ ಬಾಗಿಲಿನ ಬಳೆಗೆ ಲಾಂಡ್ರಿಯ ಗಟ್ಟಿ ಹಗ್ಗ ಕಟ್ಟಿ ಹಿತ್ತಲ ಮರದ ತನಕ ಬಿಗಿದಳು. ಡ್ಯೂಟಿಗೆ ಹೋಗುವ ಮುಂಚೆ ಒಮ್ಮೆ, ಬಂದ ಮೇಲೆ ಒಮ್ಮೆ, ಮಲಗುವ ಮುಂಚೆ ಒಮ್ಮೆ ಅವನ ತೋಳು ತನ್ನ ಹೆಗಲಿಗೆ ಹಾಕಿಕೊಂಡು ಇಳಿಸುವಳು. ಅವನು ಮೆಟ್ಟಿಲಿಗೊಂದು ಸ್ಟಾಪಿನ ಹೆಸರು ಕೂಗುತ್ತಿದ್ದ. "ಮಾರ್ಕೆಟ್ಟು! ಯಾರ್ರೀ ಮಾರ್ಕೆಟ್ಟು? ಇಳ್ಕೊಳ್ಳಿ, ಇಳ್ಕೊಳ್ಳಿ." ಅವಳು ನಗುತ್ತಿದ್ದಳು. ಕೊನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು. ಅಲ್ಲಿ ಇಬ್ಬರ ನಗುವೂ ನಿಲ್ಲುತ್ತಿತ್ತು.

ಗೋಡೆಯ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. "ನಿನ್ನಿಂದ ಹೀಗಾಯ್ತು" ಎಂದು ಒಮ್ಮೆ ಅಂದಿದ್ದರೂ ಅವಳು ಎದುರು ಮಾತಾಡಿ ಜಗಳ ಮುಗಿಸಿಕೊಳ್ಳುತ್ತಿದ್ದಳು. ಅನ್ನದೆ ಇದ್ದದ್ದು ಅಕ್ಕಿಯಲ್ಲಿ ಕಲ್ಲು ಸಿಕ್ಕಿದ ಹಾಗೆ ಅವಳ ಬಾಯಲ್ಲೇ ಉಳಿಯಿತು. ಬೀದಿಯವರು ಹಾಗಲ್ಲ. ಹೋಗುತ್ತ ಬರುತ್ತ ನಿಂತು ನೋಡುವರು. ಎಡಗಡೆ ಮಸಿ, ಬಲಗಡೆ ಹಲ್ಲುಜ್ಜಿದ ಹಾಗೆ ಬೆಳ್ಳಗೆ. "ಅದೇ ಮನೆ," ಎಂದು ಒಬ್ಬರಿಗೊಬ್ಬರು ತೋರಿಸುವರು. ಬೀದಿ ಕಿಟಕಿಯ ಹತ್ತಿರ ಅವಳು ಕುರ್ಚಿಯನ್ನೇನೋ ಇಟ್ಟಿದ್ದಳು. ಕೂರಲು ಮಾತ್ರ ಆಗಲಿಲ್ಲ. ಕಿಟಕಿಗೆ ಪರದೆ ಎಳೆದಳು.

ವಾರಗಳು ಕಳೆದವು. ಸಮಿತಿ ಇವತ್ತು ಸೇರುತ್ತದೆ, ನಾಳೆ ಸೇರುತ್ತದೆ. ಅವಳ ತಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ.

ಒಂದು ದಿನ ಚೊಕ್ಕಕ್ಕ ಗಂಡನ ಹಾಸಿಗೆ ಬಟ್ಟೆ ತೆಗೆದು ಅಭ್ಯಾಸಬಲದಿಂದ ಬೆಳಕಿಗೆ ಹಿಡಿದಳು. ಬೆರಳಗಲ ಒಂದು ಹಳದಿ ಗುರುತು. ಅಂಚು ಗಾಢ, ವಾಸನೆ ಖಾರ. ಬಾಯಾರಿದ ಮೈಯ ಗುರುತು ಅದು. ವಾರ್ಡುಗಳಿಂದ ಬರುವ ರಾಶಿಯಲ್ಲಿ ಅಂಥದ್ದನ್ನು ಎಷ್ಟು ನೋಡಿದ್ದಳೋ. ಮಂಚದ ಪಕ್ಕ ಬೆಳಗ್ಗೆ ತುಂಬಿಸಿಟ್ಟ ಹೂಜಿ ಎತ್ತಿ ನೋಡಿದಳು. ಅರ್ಧಕ್ಕಿಳಿದಿತ್ತು. ಆದರೆ ಕಿಟಕಿಯಾಚೆ ಓಣಿಯ ನೆಲ ಒದ್ದೆ.

"ನೀರು ಕುಡೀತಿಲ್ವಾ ನೀವು?"

"ಕುಡೀತೀನಲ್ಲ."

"ಓಣಿಗೆ ಕುಡಿಸ್ತಿದೀರಾ? ನನ್ನ ಹತ್ರ ಆಟ ಬೇಡ. ನಿಮ್ಮ ಬಾಯಿ ಹೇಳದೇ ಇದ್ರೂ ನಿಮ್ಮ ಬಟ್ಟೆ ನನಗೆ ಹೇಳುತ್ತೆ."

ಅವನು ಹಲ್ಲು ಬಿಟ್ಟ. "ಇದು ಹೊಸದಲ್ಲ ಕಣೇ. ಬಸ್ಸು ಹತ್ತಿದ್ರೆ ಕೊನೇ ಸ್ಟಾಪಿನವರೆಗೂ ನಾವು ನೀರು ಮುಟ್ತಿರಲಿಲ್ಲ. ನಡುವೆ ಅವಸರ ಆದ್ರೆ ಅಷ್ಟು ಜನರನ್ನ ಕೂರಿಸ್ಕೊಂಡು ಎಲ್ಲಿಗೆ ಹೋಗೋದು? ಡ್ರೈವರ ಹೊಟ್ಟೆ ಒಂಟೆ ಹೊಟ್ಟೆ."

"ಈಗ ಯಾವ ಬಸ್ಸು ಓಡಿಸ್ತಿದೀರಿ ಸ್ವಾಮಿ?"

 ಅವನು ಗೋಡೆ ಕಡೆ ತಿರುಗಿ ಮೆಲ್ಲಗೆ ಹೇಳಿದ. "ನೀನು ಇಲ್ದಾಗ ಒಂದ್ಸಲ ಇಳಿಯೋಕೆ ಹೋದೆ. ಹಗ್ಗ ಕೈಲಿತ್ತು, ಕಾಲು ಇರಲಿಲ್ಲ. ಮಧ್ಯದ ಮೆಟ್ಟಿಲಲ್ಲಿ ಕೂತು ನೀನು ಬರೋವರೆಗೂ ಕಾದೆ. ನೀನು ಬಂದಾಗ ಗಾಳಿಗೆ ಕೂತಿದೀನಿ ಅಂದೆನಲ್ಲ, ಅವತ್ತು."

ಚೊಕ್ಕಕ್ಕನಿಗೆ ನೆನಪಿತ್ತು. ಗಾಳಿಗೆ ಕೂತಿದ್ದಾರೆಂದು ಅವಳು ಸಂತೋಷಪಟ್ಟಿದ್ದಳು.

ಆ ವಾರವೇ ಅವನಿಗೆ ಚಳಿ ಜ್ವರ ಹತ್ತಿತು. ಮೂತ್ರದ ಸೋಂಕು ಎಂದರು ಆಸ್ಪತ್ರೆಯಲ್ಲಿ. ಅವನು ಮಲಗಿದ್ದ ವಾರ್ಡಿನ ಬಟ್ಟೆ ಕೆಳಗೆ ಲಾಂಡ್ರಿಗೇ ಬಂತು. ಯಾವುದು ಅವನದು ಎಂದು ಅವಳಿಗೆ ಗೊತ್ತಾಯಿತು. ಜೊತೆಯ ಹೆಂಗಸರು ಆವತ್ತು ಯಾರೂ ಆಡಿಕೊಳ್ಳಲಿಲ್ಲ, ಅವಳ ಪಾಲಿನ ರಾಶಿಯನ್ನೂ ತಾವೇ ಎಳೆದುಕೊಂಡರು. ಮನೆಗೆ ಕಳಿಸುವಾಗ ಡಾಕ್ಟರು, "ಚೆನ್ನಾಗಿ ನೀರು ಕುಡೀಬೇಕು. ಇನ್ನೊಂದು ಸಲ ಹೀಗಾದ್ರೆ ಮೂತ್ರಪಿಂಡಕ್ಕೆ ಪೆಟ್ಟು," ಎಂದರು. ಕುಡಿಯುತ್ತೇನೆ ಎಂದ. ಮನೆಗೆ ಬಂದು, ಲೋಟ ಬಾಯಿಗೆ ಮುಟ್ಟಿಸಿ ಕೆಳಗಿಟ್ಟ. ಮಂಚದಲ್ಲೇ ಪಾತ್ರೆ ಇಡುತ್ತೇನೆ ಎಂದರೆ, "ನಾನು ಸಾಯೋವಾಗ ಇಡು," ಎಂದ. ಅದು ತಮಾಷೆಯ ದನಿ ಅಲ್ಲ.

ನೋಡಲು ಬಂದ ತಮ್ಮ ಅಕ್ಕನನ್ನು ಹಿತ್ತಲಿಗೆ ಕರೆದ.

"ಅಕ್ಕಾ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ಕಚೇರೀಲಿ ಆ ಮೇಡಂನ ಕೇಳ್ದೆ. ಯಾವುದಾದ್ರೂ ಮನೇನ ಪಟ್ಟಿಯಿಂದ ತೆಗೀತಾರಾ ಅಂತ. ಕಾಯೋಕೆ ಏನೂ ಉಳೀದೇ ಹೋದ್ರೆ ತೆಗೀತೀವಿ ಅಂದ್ರು."

"ಅದಕ್ಕೆ?"

"ಅರ್ಧ ಹೋಗಿದೆ. ಇನ್ನರ್ಧ ಇರೋದಕ್ಕೇ ಅಲ್ವಾ ಈ ಪಾಡು? ಅದೂ ಹೋದ್ರೆ ನೀಲಿ ತಗಡು ಕಿತ್ಕೊಂಡು ಹೋಗ್ತಾರೆ. ಆಮೇಲೆ ನಿನ್ನ ಮನೆ, ನಿನ್ನಿಷ್ಟ. ಒಂದು ವಾರದಲ್ಲಿ ಭಾವನಿಗೆ ಬಚ್ಚಲು ಕಟ್ಟಿ ಕೊಡ್ತೀನಿ. ಮಳೆಗೆ ಉದುರಿತು ಅಂದ್ರಾಯ್ತು."

"ಮಳೆ ಎಲ್ಲಿದೆಯೋ, ಬಿಸಿಲು ಸುಡ್ತಿದೆ."

"ಬರುತ್ತೆ ಬಿಡು. ಭಾವನ ಮುಖ ನೋಡಿದೀಯಾ ನೀನು? ಯಾರೋ ಸತ್ತೋರು ಬರೆದ ಹಕ್ಕಿ ಹೆಚ್ಚಾ, ಇವರು ಹೆಚ್ಚಾ?"

ತಮ್ಮ ಕೆಟ್ಟವನಲ್ಲ. ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. ಅಕ್ಕ ಹಗ್ಗದ ಗಂಟು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದಳು.

ಆ ಮಾತು ಅವಳ ಜೊತೆ ಲಾಂಡ್ರಿಗೆ ಬಂತು, ಲಾಂಡ್ರಿಯಿಂದ ಮನೆಗೆ ಬಂತು. ಬಟ್ಟೆ ಉಜ್ಜುವಾಗ ಅದು, ತಟ್ಟೆ ತೊಳೆಯುವಾಗ ಅದು. ಒಂದು ಮನಸ್ಸು ಹೇಳಿತು, ಮೊದಲ ಸಲ ಗೊತ್ತಿಲ್ಲದೆ ಮಾಡಿದ್ದು, ಅದಕ್ಕೇ ಇಷ್ಟು ಶಿಕ್ಷೆ. ಗೊತ್ತಿದ್ದು ಮಾಡಿದರೆ ಬಿಡುಗಡೆ ಅನ್ನುವುದು ಎಂಥ ನ್ಯಾಯ? ಇನ್ನೊಂದು ಮನಸ್ಸು, ನ್ಯಾಯ ಕಟ್ಟಿಕೊಂಡು ಏನು ಮಾಡುತ್ತೀಯೇ, ಹೂಜಿ ನೋಡು ಎಂದಿತು. ಹೂಜಿ ತುಂಬಿಯೇ ಇತ್ತು. ಈಗ ಅವನು ಓಣಿಗೆ ಚೆಲ್ಲುವ ನಾಟಕವನ್ನೂ ಬಿಟ್ಟಿದ್ದ.

ಭಾನುವಾರ ಬೆಳಗ್ಗೆ ಕ್ಷೌರದಂಗಡಿ ಮುಚ್ಚಿತ್ತು. ಬೀದಿ ಇನ್ನೂ ಎದ್ದಿರಲಿಲ್ಲ. ಚೊಕ್ಕಕ್ಕ ರಬ್ಬರ್ ಕೈಗವಸು ಹಾಕಿಕೊಂಡು, ಬಕೆಟ್ಟಿನಲ್ಲಿ ಸೋಡಾ ಕಲಸಿ, ಬ್ರಷ್ಷು ಹಿಡಿದು ಮುಂದೆ ಬಂದಳು. ಗೋಡೆಯ ಮೇಲೆ ಎಳೆಬಿಸಿಲು ಓರೆಯಾಗಿ ಬಿದ್ದಿತ್ತು. ಮಸಿಯ ಕೆಳಗಿನ ಬಳ್ಳಿ ಮೇಲಕ್ಕೆದ್ದು ಬಂದಂತೆ ಕಾಣುತ್ತಿತ್ತು. ಒಂದು ಎಲೆಯ ತುದಿ ಗೆರೆ ತಪ್ಪಿ ಹೊರಗೆ ಹರಿದಿತ್ತು. ಬರೆದವನ ಕೈ ಜಾರಿರಬೇಕು, ಒರೆಸಲು ಹೋಗಿ ಇನ್ನಷ್ಟು ಹರಡಿದ್ದ. ಅವಳು ಅದನ್ನೇ ನೋಡುತ್ತ ನಿಂತಳು. ಬ್ರಷ್ಷನ್ನು ಬಕೆಟ್ಟಿನಲ್ಲಿ ಅದ್ದಿದಳು. ಸೋಡಾ ನೀರು ಬ್ರಷ್ಷಿನಿಂದ ತೊಟ್ಟಿಕ್ಕಿತು. ಎತ್ತಿದ ಕೈ ಎತ್ತಿದಂತೆಯೇ ಇತ್ತು.

ಒಳಗಿನಿಂದ ಅವನ ದನಿ ಬಂತು. "ಏಯ್, ನೀರು ಕೊಡೇ."

ಅವಳು ಬಾಗಿಲ ಕಡೆ ತಿರುಗಿ ನೋಡಿದಳು.

"ಕೇಳಿಸ್ತಾ? ಬಾಯಾರಿಕೆ ಆಗಿದೆ. ನೀರು."

ಎಷ್ಟು ದಿನದಿಂದ ಅವನು ಬಾಯಿಬಿಟ್ಟು ನೀರು ಕೇಳಿರಲಿಲ್ಲ! ಚೊಕ್ಕಕ್ಕ ಬ್ರಷ್ಷನ್ನು ಬಕೆಟ್ಟಿಗೆ ಹಾಕಿ ಕೈಗವಸು ಕಿತ್ತೆಸೆದು ಒಳಗೆ ಹೋದಳು. ಅವನು ಮಂಚದ ಮೇಲೆ ಎದ್ದು ಕೂತಿದ್ದ. ಅವಳು ಕೊಟ್ಟ ಲೋಟ ಗಟಗಟ ಖಾಲಿ ಮಾಡಿ ಇನ್ನೊಂದು ಎಂದು ಚಾಚಿದ. ಅದನ್ನೂ ಕುಡಿದ. ಮೂರನೆಯದನ್ನು ಕುಡಿಯುವಾಗ ನೀರು ಎದೆ ಮೇಲೆ ಚೆಲ್ಲಿತು.

"ಸೋಡಾ ವಾಸನೆ ಇಲ್ಲಿಗೂ ಬಂತು," ಎಂದ. "ಮೂವತ್ತು ವರ್ಷ ನಿನ್ನ ಪಕ್ಕ ಮಲಗಿದೀನಿ, ಅದು ಗೊತ್ತಾಗಲ್ವಾ ನನಗೆ? ನಿನ್ನ ತಮ್ಮ ಹಿತ್ತಲಲ್ಲಿ ಹೇಳಿದ್ದೂ ಕೇಳಿಸ್ತು. ಕಾಲು ಹೋಗಿದೆ, ಕಿವಿ ಹೋಗಿಲ್ಲ."

ಅವಳು ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು.

"ನೀನು ತೊಳೀಬೇಡ. ನಾನು ಕುಡೀತೀನಿ. ಮಂಚದಲ್ಲೇ ಪಾತ್ರೆ ಇಡು, ಆಗ್ಲಿ. ನನ್ನ ನಾಚಿಕೆ ನಾನು ನೋಡ್ಕೊಳ್ತೀನಿ. ಆದ್ರೆ ನನ್ನ ಬಚ್ಚಲಿಗೋಸ್ಕರ ನೀನು ಮಳೆ ಬಂತು ಅಂತ ಜನರ ಹತ್ರ ಸುಳ್ಳು ಹೇಳ್ಕೊಂಡು ತಿರುಗೋದು ಬೇಡ. ಸುಳ್ಳು ಹೇಳೋಕೆ ಬರಲ್ಲ ಕಣೇ ನಿನಗೆ. ಮೊದಲನೇ ದಿನವೇ ಸಿಕ್ಕಿಹಾಕ್ಕೊಳ್ತೀಯ."

ಚೊಕ್ಕಕ್ಕ ಅತ್ತಳು. ಗೋಡೆ ತೊಳೆದ ದಿನದಿಂದ ಅತ್ತಿರಲಿಲ್ಲ. ಅವನು ಅವಳ ತಲೆಯ ಮೇಲೆ ಕೈಯಿಟ್ಟು, "ಈಗ ಮೊದಲು ಪಾತ್ರೆ ತಾ. ಮೂರು ಲೋಟ ಕುಡಿದಿದೀನಿ, ಆಟ ಅಲ್ಲ," ಎಂದ.

ಮರುದಿನ ಅವಳು ರಜೆ ಹಾಕಿ ಕಚೇರಿಗೆ ಹೋದಳು. ತಮ್ಮನನ್ನು ಕರೆಯಲಿಲ್ಲ. ಮೇಡಂ ಎದುರು ಕೂರದೆ ನಿಂತೇ ಹೇಳಿದಳು. "ಉಳಿದ ಅರ್ಧ ಹಾಗೇ ಇದೆ ಮೇಡಂ. ನಿನ್ನೆ ಬೆಳಗ್ಗೆ ಅದನ್ನೂ ತೊಳೆಯೋಕೆ ಬಕೆಟ್ ತಗೊಂಡು ಹೋಗಿದ್ದೆ. ತೊಳೀಲಿಲ್ಲ. ಇನ್ನೊಂದ್ಸಲ ಹೋಗಲ್ಲ ಅಂತ ಹೇಳೋಕೆ ನನಗೇ ಧೈರ್ಯ ಇಲ್ಲ. ಬಂದು ಅದಕ್ಕೇನು ಮಾಡ್ಬೇಕೋ ಮಾಡಿ. ನಮ್ಮೆಜಮಾನರು ಮಂಚದಲ್ಲೇ ಎಲ್ಲಾ ಮಾಡೋ ಹಾಗಾಗಿದೆ. ಸಮಿತಿಯವರಿಗೆ ಇಷ್ಟು ಹೇಳಿ, ಸಾಕು."

ಮೇಡಂ ಆ ಮಧ್ಯಾಹ್ನವೇ ಬಂದರು. ಗೋಡೆಗಿಂತ ಮೊದಲು ನಡುಕೋಣೆಗೆ ಹೋಗಿ ಡ್ರೈವರಣ್ಣನನ್ನು ಮಾತಾಡಿಸಿದರು. ಮೆಟ್ಟಿಲು, ಹಗ್ಗ, ಅಂಗಳ ನೋಡಿದರು. ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತು ನಡುಕೋಣೆಯ ಕಡೆಯ ಗೋಡೆಯನ್ನು ಬೆರಳಿನಿಂದ ತಟ್ಟಿದರು.

"ಓಣಿಯಲ್ಲಿ ಕಟ್ಟೋದಕ್ಕೆ ಸಮಿತಿ ಒಪ್ಪೋಲ್ಲ ಅಮ್ಮಾ. ಬಲಗಡೆ ಹೋದ್ಮೇಲೆ ಈ ಮನೆ ವಿಚಾರದಲ್ಲಿ ಅವರು ಬಿಗಿಯಾಗಿದಾರೆ. ಸುಳ್ಳು ಆಸೆ ಹುಟ್ಸಲ್ಲ ನಾನು. ಆದ್ರೆ ಅಡುಗೆಮನೆಯ ಈ ಅಡ್ಡಗೋಡೆ ಆಮೇಲೆ ಯಾರೋ ಕಟ್ಟಿದ್ದು. ಬೀದಿಗೆ ಕಾಣದ ಒಳಗಿನ ಕೆಲಸ, ಮನೆ ಮೇಲಿನ ತಡೇನ ಇದಕ್ಕೆ ಮಾತ್ರ ಸಡಿಲಿಸಿ ಇದನ್ನ ತೆಗೆಸೋಕೆ ನನ್ನ ಸಹಿ ಸಾಕು. ಇಲ್ಲಿ ಬಚ್ಚಲು ಮಾಡಿದ್ರೆ ಮಂಚದಿಂದ ನೇರ ಬರಬಹುದು."

"ಅಡುಗೆ?"

"ಬೀದಿ ಕೋಣೆಗೆ ಹೋಗ್ಬೇಕಾಗುತ್ತೆ."

ಚೊಕ್ಕಕ್ಕ ಬೀದಿ ಕೋಣೆಯ ಕಡೆ ನೋಡಿದಳು. ಕಿಟಕಿ, ಪರದೆ, ಕೂರದ ಕುರ್ಚಿ. "ಹೋಗ್ಲಿ ಬಿಡಿ," ಎಂದಳು. "ಕೂತು ಅಭ್ಯಾಸ ಇಲ್ಲ ನನಗೆ."

ಒಳಗಿನಿಂದ ಡ್ರೈವರಣ್ಣ ಕೂಗಿದ. "ಕಿಟಕಿ ತೆರೆದಿಟ್ಟು ಅಡುಗೆ ಮಾಡೇ. ಎದುರಂಗಡಿಯಲ್ಲಿ ಗಡ್ಡಕ್ಕೆ ಕೂತೋರು ಇಲ್ಲಿಗೆ ಎದ್ದು ಬರ್ಲಿ."

"ಬಲಗಡೆಗೆ ಬೇರೆ ಯಾರಾದ್ರೂ ಬಳ್ಳಿ ಬರೀಬಹುದಾ ಮೇಡಂ?" ಹೊರಗೆ ಬಂದ ಮೇಲೆ ಚೊಕ್ಕಕ್ಕ ಕೇಳಿದಳು. "ಎಡಗಡೇದು ನೋಡ್ಕೊಂಡು. ಯಾರಿಗೂ ಗೊತ್ತಾಗದ ಹಾಗೆ."

"ಇಲ್ಲ. ಬರೀಬಾರದು. ಹೋದದ್ದು ಹೋಗಿದೆ ಅಂತಲೇ ಕಾಣ್ಬೇಕು. ಎಡಗಡೆಗೆ ಕೆಲಸ ಗೊತ್ತಿರೋರನ್ನ ಕಳಿಸ್ತೀವಿ. ಮಸಿ ಮಾತ್ರ ನಿಧಾನಕ್ಕೆ ತೆಗೀತಾರೆ. ಬಲಗಡೆ ಹೀಗೇ ಇರುತ್ತೆ."

ಗುರುತು ಉಳಿಯದ ಹಾಗೆ ತೆಗೆಯುವುದೇ ಬದುಕಾಗಿದ್ದವಳಿಗೆ ಆ ಬೆಳ್ಳನೆಯ ಗೋಡೆಯನ್ನು ದಿನಾ ದಾಟಿ ಹೋಗಬೇಕೆಂಬುದು ಮನಸ್ಸಿಗೆ ಇಳಿಯಲಿಲ್ಲ. ಆದರೂ ಆಗಲಿ ಎಂದು ತಲೆ ಆಡಿಸಿದಳು.

ಸಹಿ ಬರಲು ತಡವಾಯಿತು. ಬಂದ ಮೇಲೆ ತಮ್ಮ ಅಡ್ಡಗೋಡೆ ಬಿಚ್ಚಿದ. ಅಕ್ಕನ ಮುಖ ನೋಡದೆ ಕೆಲಸ ಮಾಡಿದ, ಚೆನ್ನಾಗಿಯೇ ಮಾಡಿದ. ಬಚ್ಚಲಿನ ಗೋಡೆಗೆ ಭಾವನ ಕೈಗೆ ಎಟುಕುವ ಹಾಗೆ ಬಸ್ಸಿನಲ್ಲಿರುವಂಥ ಉದ್ದ ಕಂಬಿ ಹಾಕಿದ. ಡ್ರೈವರಣ್ಣ ಅದನ್ನು ಹಿಡಿದು ಮೊದಲ ಸಲ ಒಬ್ಬನೇ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಅಕ್ಕ ತಮ್ಮ ಕಾದು ನಿಂತರು. ಬಹಳ ಹೊತ್ತಾಯಿತು. ಅವನು ಹೊರಗೆ ಬಂದ. ಸೊರಗಿ ಅರ್ಧವಾಗಿದ್ದ, ಮುಖದಲ್ಲಿ ನಗುವಿರಲಿಲ್ಲ. ಜ್ವರ ಇಳಿದಿತ್ತು, ಆದರೆ ಮೂತ್ರಪಿಂಡದ ವಿಚಾರ ಇನ್ನೂ ನೋಡಬೇಕು ಎಂದಿದ್ದರು ಡಾಕ್ಟರು. ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗಬೇಕು. ಅದರ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಈಗ ಚೊಕ್ಕಕ್ಕ ಬೆಳಗ್ಗೆ ಎದ್ದು ಮೊದಲು ಅವನ ಹೂಜಿ ಎತ್ತಿ ನೋಡುತ್ತಾಳೆ. ಆಮೇಲೆ ಬೀದಿ ಕೋಣೆಯಲ್ಲಿ ಒಲೆ ಹಚ್ಚಿ, ಬಕೆಟ್ಟಿನಲ್ಲಿ ಬರೀ ನೀರು ತುಂಬಿಕೊಂಡು ಹೊಸ್ತಿಲಿಗೆ ಬರುತ್ತಾಳೆ. ನೀರು ಎರಚುವುದಿಲ್ಲ. ಬಟ್ಟೆ ಅದ್ದಿ, ತೊಟ್ಟೂ ಬೀಳದಂತೆ ಹಿಂಡಿ, ಕುಕ್ಕರಗಾಲಲ್ಲಿ ಕೂತು ಮೆಟ್ಟಿಲು ಒರೆಸುತ್ತಾಳೆ. ಎಡಗಡೆಯ ಗೋಡೆ ಹತ್ತಿರ ಬಂದಾಗ ಬಟ್ಟೆಯನ್ನು ಮಡಿಚಿ, ಅಂಚಿನಲ್ಲಿ ಒಂದು ಬೆರಳಗಲ ಒಣನೆಲ ಬಿಟ್ಟು ಒರೆಸುತ್ತಾಳೆ. ಎದುರಂಗಡಿಯ ಮುದುಕ ಬಾಗಿಲು ತೆಗೆಯುತ್ತ, "ಆಯ್ತೇನಮ್ಮಾ ಒರೆಸಿ?" ಎಂದು ಕೇಳುತ್ತಾನೆ. "ಆಗ್ತಾ ಬಂತು," ಎನ್ನುತ್ತಾಳೆ. ಕೊಳೆ ನೀರನ್ನು ಮೋರಿಗೆ ಚೆಲ್ಲಿ, ಬಟ್ಟೆಯನ್ನು ಇನ್ನೊಮ್ಮೆ ಹಿಂಡಿ ಕೊಡವಿ, ಬಕೆಟ್ಟಿನ ಅಂಚಿಗೆ ಹರಡುತ್ತಾಳೆ.